ಒಂದು ಮೊರ ತೌಡಿನ ಹೆಸರು

ಹೋದ ವರ್ಷ ಬೇಸಿಗೆಯಲ್ಲಿ ಅಜ್ಜಿಯ ಹೊಲದ ಪಹಣಿ ತೆಗೆಸಿದೆವು. ಅದರಲ್ಲಿ ತಿಮ್ಮಮ್ಮ ಅಂತಿತ್ತು. ಆಧಾರ್ ಕಾರ್ಡಿನಲ್ಲಿ ತಿಪ್ಪಮ್ಮ. ಪಿಂಚಣಿ ಕಾಗದದಲ್ಲಿ ಯಾರೋ ಅವಸರದಲ್ಲಿ ಬರೆದ ತಿಪ್ಪೇಮ್ಮ. ಈ ಮೂವರಲ್ಲಿ ನಿಮ್ಮಜ್ಜಿ ಯಾರು ಅಂತ ಕಚೇರಿಯಲ್ಲಿ ಕೇಳಿದರು. ಅಜ್ಜಿ ಪಕ್ಕದ ಬೆಂಚಿನ ಮೇಲೆ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದರು. 'ಇವರೇ' ಅಂತ ತೋರಿಸಿದೆ. 'ಅದು ಗೊತ್ತಾಯ್ತು ಮೇಡಂ, ಕಾಗದದಲ್ಲಿ ಯಾರು?' ಅಂದರು.

ಪ್ಪ ಮತ್ತು ಮ್ಮ. ಅವಸರದ ಕೈಬರಹದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಎಂದೋ ಯಾರೋ ಒಬ್ಬರು ಕಣ್ತಪ್ಪಿ ಬರೆದದ್ದು ಮೂವತ್ತು ನಲವತ್ತು ವರ್ಷ ಹಾಗೇ ನಕಲಾಗುತ್ತಾ ಬಂದಿದೆ, ಅಷ್ಟೇ. ಆ ಗುಮಾಸ್ತರು ಒಳ್ಳೆಯವರೇ. ನಮ್ಮ ಓಡಾಟ ತಪ್ಪಲಿ ಅಂತಲೇ ಒಂದು ದಾರಿ ಹೇಳಿದರು. 'ಪಹಣಿಗೆ ಕೈ ಹಾಕೋದು ತಲೆನೋವು. ಉಳಿದ ಕಡೆ ಎಲ್ಲಾ ತಿಮ್ಮಮ್ಮ ಅಂತಲೇ ಮಾಡಿಸಿಬಿಡಿ. ಹೆಸರೂ ಚೆನ್ನಾಗಿದೆ, ತಿಮ್ಮಪ್ಪನ ಹೆಸರು.'

ಅಜ್ಜಿಗೆ ಕಿವಿ ಸ್ವಲ್ಪ ಮಂದ. ಆದರೆ ಬೇಕಾದ ಮಾತು ಚೆನ್ನಾಗಿ ಕೇಳಿಸುತ್ತದೆ. ಎಲೆಗೆ ಸುಣ್ಣ ಸವರುತ್ತಿದ್ದವರು ತಲೆ ಎತ್ತಿದರು. 'ತಿಮ್ಮಮ್ಮ ಯಾರಪ್ಪಾ? ನಾಳೆ ಅವ್ಳು ಬಂದು ಹೊಲ ನಂದು ಅಂದ್ರೆ ಏನ್ ಮಾಡ್ತೀಯ? ನನ್ನ ಕೊಂಡ್ಕಂಡಿದ್ದು ತಿಪ್ಪಮ್ಮ ಅಂತ. ಹಂಗೇ ಬರಿ.'

ಕೊಂಡುಕೊಂಡಿದ್ದು ಅನ್ನುವ ಮಾತು ಆ ಗುಮಾಸ್ತರಿಗೆ ಅರ್ಥವಾದಂತೆ ಕಾಣಲಿಲ್ಲ. ನನಗೆ ಅರ್ಥವಾಯಿತು. ಆದರೆ ಅದು ಅರ್ಥವಾಗುವುದಕ್ಕೆ ನನಗೂ ಮೂವತ್ತು ವರ್ಷ ಬೇಕಾಗಿತ್ತು.

ನಾನು ಓದಿದ್ದೆಲ್ಲ ದಾವಣಗೆರೆಯಲ್ಲಿ. ಅಪ್ಪ ಹತ್ತಿ ಮಿಲ್ಲಿನ ಕೆಲಸಕ್ಕೆ ಅಂತ ಚಳ್ಳಕೆರೆ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದವರು. ಆಗ ಎರಡೂ ಒಂದೇ ಜಿಲ್ಲೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದ ಮೇಲೆ ನಮ್ಮ ಮನೆ ಒಂದು ಜಿಲ್ಲೆಯಲ್ಲಿ, ಅಜ್ಜಿ ಇನ್ನೊಂದು ಜಿಲ್ಲೆಯಲ್ಲಿ ಆದೆವು. ಐದನೇ ಕ್ಲಾಸಿನಲ್ಲಿ ಒಮ್ಮೆ ಟೀಚರು ಎಲ್ಲರಿಗೂ ಅಜ್ಜ ಅಜ್ಜಿಯರ ಹೆಸರು ಕೇಳಿದರು. ಪಾರ್ವತಮ್ಮ, ಸರೋಜಮ್ಮ, ಗಂಗಮ್ಮ ಅಂತ ಬಂತು. ನಾನು ತಿಪ್ಪಮ್ಮ ಅಂದೆ. ಹಿಂದಿನ ಬೆಂಚಿನಿಂದ ಒಬ್ಬ 'ತಿಪ್ಪೆಗುಂಡಿನಾ?' ಅಂದ. ಕ್ಲಾಸೆಲ್ಲ ನಕ್ಕಿತು. ಟೀಚರೂ ನಗು ತಡೆದುಕೊಂಡರು ಅಂತ ನನಗೆ ಈಗಲೂ ಗುಮಾನಿ. ಅವತ್ತಿನಿಂದ ಯಾರು ಕೇಳಿದರೂ ನಮ್ಮಜ್ಜಿ ಹೆಸರು ರುದ್ರಮ್ಮ ಅನ್ನುತ್ತಿದ್ದೆ. ಪಿಯುಸಿ ಮುಗಿಯುವವರೆಗೂ ಅವರು ರುದ್ರಮ್ಮನೇ.

ಹೆಸರಿನ ಕಥೆ ಹೇಳಿದ್ದು ಸ್ವತಃ ಅಜ್ಜಿ. ನನ್ನ ಬಾಣಂತನಕ್ಕೆ ಬಂದಾಗ, ಮಗುವಿಗೆ ಎಣ್ಣೆ ತಿಕ್ಕುತ್ತಾ, ಯಾವುದೋ ಮಾತಿಗೆ ಹೇಳಿದರು. ಅಜ್ಜಿಯ ಅವ್ವನಿಗೆ ಹುಟ್ಟಿದ ಮಕ್ಕಳು ದಕ್ಕುತ್ತಿರಲಿಲ್ಲವಂತೆ. ಇಬ್ಬರು ಗಂಡು, ಒಂದು ಹೆಣ್ಣು, ಮೂರೂ ವರ್ಷ ತುಂಬುವ ಮೊದಲೇ ಹೋದವು. ನಾಲ್ಕನೆಯದು ಹುಟ್ಟಿದಾಗ ಊರಿನ ಹಿರಿಯ ಹೆಂಗಸರು ಸೇರಿ ತೀರ್ಮಾನ ಮಾಡಿದರು. ಮಗುವಿನ ಕೊಳೆ ಕೂಡ ಪೂರ್ತಿ ತೊಳೆಯದೆ ಹಳೇ ಮೊರದಲ್ಲಿ ಮಲಗಿಸಿ, ಹಿತ್ತಲಿನ ತಿಪ್ಪೆಯ ಮೇಲೆ ಇಟ್ಟು, ತಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಅಂದರೆ, ನಮಗೆ ಬೇಡವಾಗಿದೆ, ಎಸೆದಿದ್ದೇವೆ. ಆಮೇಲೆ ಪಕ್ಕದ ಕೇರಿಯ ಒಬ್ಬಾಕೆ 'ಸುಮ್ನೆ' ಆ ಕಡೆ ಬರುತ್ತಾಳೆ. 'ಅಯ್ಯೋ, ತಿಪ್ಪೆ ಮೇಲೆ ಒಂದು ಕೂಸು ಸಿಕ್ತು, ಯಾರಿಗಾದ್ರೂ ಬೇಕೇನ್ರವ್ವಾ?' ಅಂತ ಮನೆ ಮುಂದೆ ಬಂದು ಕೂಗುತ್ತಾಳೆ. ತಾಯಿ ಬಾಗಿಲು ತೆಗೆದು ಚೌಕಾಸಿ ಮಾಡುತ್ತಾಳೆ. ಕೊನೆಗೆ ಒಂದು ಮೊರ ತೌಡಿಗೆ ವ್ಯಾಪಾರ ಕುದುರುತ್ತದೆ.

'ಚೌಕಾಸಿ ನಿಜವಾಗ್ಲೂ ಮಾಡಿದ್ರಾ ಅಜ್ಜಿ?'

'ಮತ್ತೆ? ಸುಮ್ನೆ ಕೊಟ್ರೆ ಜವರಾಯಂಗೆ ಅನುಮಾನ ಬರಲ್ವೇನೆ?'

ಅಕ್ಕಿ ಕೊಟ್ಟರೆ ಹೆಚ್ಚಾಯಿತು. ರಾಗಿ ಕೊಟ್ಟರೂ ಹೆಚ್ಚು. ದನಕ್ಕೆ ಹಾಕುವ ತೌಡು ಕೊಟ್ಟು ತಂದ ಕೂಸು ಅಂದಮೇಲೆ ಅದಕ್ಕೆ ಬೆಲೆ ಇಲ್ಲ ಅಂತ ಅರ್ಥ. ಬೆಲೆ ಇಲ್ಲದ್ದನ್ನು ಯಾರು ಕದಿಯುತ್ತಾರೆ? ಮೂಗನ್ನೂ ಅವತ್ತೇ ಚುಚ್ಚಿದರಂತೆ, ಕುಂದು ಇರಲಿ ಅಂತ. ಅಜ್ಜಿಯ ಮೂಗುತಿಯ ತೂತು ಒಂಚೂರು ಓರೆಯಾಗಿದೆ. ಅವಸರದಲ್ಲಿ ಚುಚ್ಚಿದ್ದು.

ಆಮೇಲೆ ನಾನು ಹೀಗೆ ಬಂದ ಹೆಸರುಗಳನ್ನೆಲ್ಲ ಗಮನಿಸತೊಡಗಿದೆ. ನಮ್ಮ ಕಡೆಯೇ ಎಷ್ಟಿವೆ! ಹುಚ್ಚಮ್ಮ, ಗುಂಡಮ್ಮ, ಕಲ್ಲವ್ವ, ತಿರುಕಪ್ಪ, ಅಡವೆಪ್ಪ, ಸುಡುಗಾಡೆಪ್ಪ. ಎಲ್ಲದರ ಒಳಗುಟ್ಟೂ ಒಂದೇ, ಈ ಮಗು ನಿನಗೆ ಬೇಡ, ಮುಂದೆ ಹೋಗು. ಎಲ್ಲ ಗುಂಡಮ್ಮರೂ ಹೀಗೇ ಬಂದವರು ಅಂತಲ್ಲ, ದುಂಡಗಿದ್ದಳು ಅಂತ ಇಟ್ಟದ್ದೂ ಉಂಟು. ಸಾಕಮ್ಮ ಅನ್ನುವುದರ ಲೆಕ್ಕವೇ ಬೇರೆ. ಸಾಕಿ ಬೆಳೆಸಿದ್ದಕ್ಕೆ ಸಾಕಮ್ಮ ಅಂತ ಕೆಲವರು, ಹೆಣ್ಣುಮಕ್ಕಳು ಇನ್ನು ಸಾಕು ಅಂತ ಕೆಲವರು. ಆ ಎರಡನೇ ಅರ್ಥದ ಸಾಕಮ್ಮರನ್ನು ಕಂಡರೆ ನನಗೆ ಸಂಕಟ. ಅದರ ಪಕ್ಕ ತಿಪ್ಪಮ್ಮ ಎಷ್ಟೋ ಮೇಲು. ತಿಪ್ಪಮ್ಮನನ್ನು ಬೇಡ ಅಂದದ್ದು ನಾಟಕಕ್ಕೆ. ಆ ಸಾಕಮ್ಮನನ್ನು ಬೇಡ ಅಂದದ್ದು ನಿಜಕ್ಕೆ.

ತೆಲುಗರಲ್ಲಿ ಪೆಂಟಯ್ಯ, ಪೆಂಟಮ್ಮ ಇದ್ದಾರೆ. ಪೆಂಟ ಅಂದರೂ ತಿಪ್ಪೆಯೇ. ತಮಿಳಿನ ಕುಪ್ಪಮ್ಮಾಳ್, ಕುಪ್ಪುಸಾಮಿಯರಲ್ಲಿ ಇರುವುದು ಕುಪ್ಪೈ, ಅಂದರೆ ಕಸ. ಮರಾಠಿಯ ಧೋಂಡು, ದಗಡು ಇಬ್ಬರೂ ಕಲ್ಲು. ಊರೂರಿನ ತಾಯಂದಿರೂ ಜವರಾಯನನ್ನು ಇಷ್ಟು ದಡ್ಡ ಅಂದುಕೊಂಡದ್ದು ನೋಡಿದರೆ ನಗು ಬರುತ್ತದೆ. ಬೇರೆ ದಾರಿ ಇರಲಿಲ್ಲ ಅನ್ನುವುದು ನೆನಪಾದರೆ ನಗು ನಿಲ್ಲುತ್ತದೆ. 1971ರಲ್ಲಿ ಕೂಡ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಅಜ್ಜಿ ಹುಟ್ಟಿದ್ದು ಅದಕ್ಕೂ ಮೂವತ್ತು ವರ್ಷ ಹಿಂದೆ.

ಆದರೆ ಚಿತ್ರದುರ್ಗ ಸೀಮೆಯಲ್ಲಿ ಇದು ಬರೀ ತಿಪ್ಪೆಯ ಕಥೆ ಅಲ್ಲ. ಇಲ್ಲಿ ತಿಪ್ಪೆಗೆ ಒಬ್ಬ ದೇವರಿದ್ದಾನೆ. ಚಳ್ಳಕೆರೆ ತಾಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಜನರ ಬಾಯಲ್ಲಿ ತಿಪ್ಪೇಸ್ವಾಮಿ, ಇನ್ನೂ ಸಲಿಗೆ ಇದ್ದವರಿಗೆ ತಿಪ್ಪಯ್ಯ. ಊರಲ್ಲಿ ಒಳಮಠ, ಹೊರಮಠ ಅಂತ ಎರಡಿವೆ. ಫಾಲ್ಗುಣದಲ್ಲಿ ದೊಡ್ಡ ತೇರು. ಅವತ್ತು ಭಕ್ತರು ರಾಶಿ ರಾಶಿ ಒಣಕೊಬ್ಬರಿ ಸುಡುತ್ತಾರೆ. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಬಟ್ಟೆ ಒಗೆದರೂ ಬಿಡುವುದಿಲ್ಲ. ತೇರಿನ ಮುಕ್ತಿ ಬಾವುಟವನ್ನು ಹರಾಜು ಕೂಗುತ್ತಾರೆ, ಅದಕ್ಕೆ ಲಕ್ಷಗಟ್ಟಲೆ ಕೊಡುವವರಿದ್ದಾರೆ.

'ಮಾಡಿದಷ್ಟು ನೀಡು ಭಿಕ್ಷೆ' ಅನ್ನುವುದು ಈ ಸ್ವಾಮಿಯ ಮಾತು. ಬಸ್ಸು, ಲಾರಿ, ಆಟೋಗಳ ಮೇಲೆಲ್ಲ ಬರೆಸಿರುತ್ತಾರೆ. ಬರ ಬಿದ್ದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು ಅಂತ ಅವರ ಹೆಸರು. ಕೆಲಸ ಮಾಡಿದವರಿಗೆ ಸಂಜೆ ಮಣ್ಣಿನ ಗುಡ್ಡೆ ತೋರಿಸಿ ನಿನ್ನ ಕೂಲಿ ತಗೋ ಅನ್ನುತ್ತಿದ್ದರಂತೆ. ಗುಡ್ಡೆ ಕೆದಕಿದರೆ ಅವರವರ ದುಡಿಮೆಗೆ ತಕ್ಕಷ್ಟೇ ದುಡ್ಡು. ಮೈಗಳ್ಳನ ಗುಡ್ಡೆಯಲ್ಲಿ ಮಣ್ಣೇ ಜಾಸ್ತಿ. ಇದು ಜನರ ಕಥೆ. ನನಗೆ ಇಷ್ಟವಾಗುವುದು ಆ ಗುಡ್ಡೆ. ಕನ್ನಡದಲ್ಲಿ ತಿಪ್ಪೆ ಅಂದರೆ ಗೊಬ್ಬರದ ಗುಂಡಿಯಷ್ಟೇ ಅಲ್ಲ, ಗುಡ್ಡೆ, ರಾಶಿ ಅನ್ನುವ ಅರ್ಥವೂ ಇದೆ. ತೆಲುಗಿನಲ್ಲಿ ತಿಪ್ಪ ಅಂದರೆ ಇವತ್ತಿಗೂ ದಿಬ್ಬ. ನಮ್ಮ ಮೊಳಕಾಲ್ಮೂರು, ಚಳ್ಳಕೆರೆ ಕಡೆ ಎರಡೂ ಭಾಷೆ ಒಂದೇ ಮನೆಯಲ್ಲಿ ಓಡಾಡುವುದರಿಂದ ಯಾವ ಅರ್ಥ ಯಾವ ಬಾಗಿಲಿಂದ ಬಂತು ಅಂತ ಹುಡುಕುತ್ತಾ ಕೂರುವುದು ದಂಡ.

ಈ ಸೀಮೆಯಲ್ಲಿ ಹೆಸರು ಕೇಳಿದರೆ ಮನೆದೇವರು ಯಾರು ಅಂತ ಹೇಳಿಬಿಡಬಹುದು. ಕೊಟ್ರೇಶ, ಕೊಟ್ರಮ್ಮ ಅಂದರೆ ಕೊಟ್ಟೂರು. ಕರಿಬಸಪ್ಪ, ಕರಿಬಸಮ್ಮ ಅಂದರೆ ಉಕ್ಕಡಗಾತ್ರಿ. ಉಚ್ಚೆಂಗಮ್ಮ ಅಂದರೆ ಉಚ್ಚಂಗಿದುರ್ಗ. ದುರುಗಪ್ಪ, ದುರುಗಮ್ಮ ಅಂದರೆ ಬಹಳ ಸಲ ದಾವಣಗೆರೆಯ ದುಗ್ಗಮ್ಮ. ತಿಪ್ಪೇಸ್ವಾಮಿ ಅಂದರೆ ಹಟ್ಟಿ. ಹಾಗಾಗಿ ತಿಪ್ಪೆಯ ಮೇಲಿಟ್ಟು ತಂದ ಮಗುವಿಗೂ ಅದೇ ಹೆಸರು, ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗುವಿಗೂ ಅದೇ ಹೆಸರು. ನಮ್ಮಜ್ಜಿಯದು ಎರಡೂ. ತಿಪ್ಪೆಯಿಂದ ತಂದ ಮೇಲೆ ತೊಟ್ಟಿಲಿಗೆ ಹಾಕುವಾಗ ಹಟ್ಟಿಯಿಂದ ತಂದ ವಿಭೂತಿ ಹಚ್ಚಿದ್ದರಂತೆ.

ಈಗ ನನ್ನ ಫೋನು ತೆಗೆದು ನೋಡಿದೆ. ತಿಪ್ಪೇಸ್ವಾಮಿ ಎಲ್‌ಐಸಿ, ತಿಪ್ಪೇಸ್ವಾಮಿ ಪ್ಲಂಬರ್, ತಿಪ್ಪೇಸ್ವಾಮಿ ಸರ್, ತಿಪ್ಪೇಶ್ ಹಾಲು, ತಿಪ್ಪೇರುದ್ರಪ್ಪ ಮಾವ. ಐದು ಜನ. ತಿಪ್ಪಮ್ಮ ಒಬ್ಬರೂ ಇಲ್ಲ. ಅಜ್ಜಿಗೆ ಫೋನಿಲ್ಲ, ಆ ಮಾತು ಬೇರೆ. ಆದರೆ ನನ್ನ ವಯಸ್ಸಿನವರಲ್ಲಿ, ನನಗಿಂತ ಚಿಕ್ಕವರಲ್ಲಿ ನಾನು ಒಬ್ಬ ತಿಪ್ಪಮ್ಮನನ್ನೂ ಕಂಡಿಲ್ಲ. ಗಂಡು ಹೆಸರು ಉಳಿಯಿತು, ಹೆಣ್ಣು ಹೆಸರು ಹೋಯಿತು. ಯಾಕೆ?

ನನಗೆ ಅನ್ನಿಸುವುದು ಇಷ್ಟು. ಗಂಡಸರ ಹೆಸರಿಗೆ ಒಂದು ಬಾಲ ಸಿಕ್ಕಿತು. ಸ್ವಾಮಿ, ರುದ್ರ, ಈಶ, ರೆಡ್ಡಿ. ಆ ಬಾಲ ಹಿಡಿದುಕೊಂಡು ತಿಪ್ಪೆಯಿಂದ ಮಠಕ್ಕೆ ಹತ್ತಿಬಿಟ್ಟರು. ಹೊನ್ನಾಳಿಯ ಎಚ್. ತಿಪ್ಪೇರುದ್ರಸ್ವಾಮಿಯವರಿಗೆ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಯಾರಾದರೂ ತಿಪ್ಪೆ ನೆನೆಸಿಕೊಂಡಿರುತ್ತಾರಾ? ಇಲ್ಲ. ತಿಪ್ಪೇಸ್ವಾಮಿ ಅಂದರೆ ದೇವರು ಕಣ್ಣ ಮುಂದೆ ಬರುತ್ತಾನೆ. ತಿಪ್ಪಮ್ಮ ಅಂದರೆ ತಿಪ್ಪೆಯೇ ಬರುತ್ತದೆ. ಹೆಣ್ಣಿಗೆ ಸಿಕ್ಕಿದ್ದು ಅಮ್ಮ, ಅಕ್ಕ, ಅವ್ವ. ತಿಪ್ಪಮ್ಮ, ತಿಪ್ಪಕ್ಕ, ತಿಪ್ಪವ್ವ. ಆ ಬಾಲಗಳಲ್ಲಿ ಪ್ರೀತಿ ಇದೆ, ಆದರೆ ಮಠ ಇಲ್ಲ. ಐದನೇ ಕ್ಲಾಸಿನಲ್ಲಿ ನನ್ನ ಪಕ್ಕದ ಸಾಲಿನಲ್ಲೇ ಒಬ್ಬ ತಿಪ್ಪೇಸ್ವಾಮಿ ಕೂರುತ್ತಿದ್ದ. ಅವತ್ತು ಅವನೂ ನಕ್ಕಿದ್ದ.

ಅವನಿಗೆ ಈಗ ಹೇಳಬೇಕಾದ ಒಂದು ಸಂಗತಿ ಇದೆ. ವಿಜಯನಗರದ ತುಳುವ ನರಸನಾಯಕನಿಗೆ ತಿಪ್ಪಾಂಬ ಅಂತ ಒಬ್ಬ ರಾಣಿ ಇದ್ದಳು. ಅವಳ ಮಗ ವೀರನರಸಿಂಹ ಸಿಂಹಾಸನ ಏರಿದ. ಇನ್ನೊಬ್ಬ ರಾಣಿ ನಾಗಲಾಂಬೆಯ ಮಗ ಕೃಷ್ಣದೇವರಾಯ. ಮೂರನೆಯವಳು ಓಬಾಂಬ, ಅಚ್ಯುತರಾಯನ ತಾಯಿ. ತಿಪ್ಪಮ್ಮ, ನಾಗಮ್ಮ, ಓಬಮ್ಮ! ನಾಯಕನಹಟ್ಟಿ ಜಾತ್ರೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತ ಮೂವರು ಅಜ್ಜಿಯರ ಹೆಸರಿದ್ದ ಹಾಗಿದೆ. ಕೃಷ್ಣದೇವರಾಯನ ಕಾಲದ ಶಾಸನಗಳಲ್ಲಿ ಒಂದು ಸಂಸ್ಕೃತ ಶ್ಲೋಕ ಬರುತ್ತದೆ. ದಶರಥನಿಗೆ ಕೌಸಲ್ಯೆ, ಸುಮಿತ್ರೆಯರಲ್ಲಿ ರಾಮ ಲಕ್ಷ್ಮಣರು ಹುಟ್ಟಿದ ಹಾಗೆ, ನರಸನಿಗೆ ತಿಪ್ಪಾಜಿ ಮತ್ತು ನಾಗಲಾದೇವಿಯರಲ್ಲಿ ವೀರನರಸಿಂಹ, ಕೃಷ್ಣರಾಯರು ಹುಟ್ಟಿದರು ಅಂತ. ತಿಪ್ಪಾಜಿ ಅಲ್ಲಿ ಕೌಸಲ್ಯೆಯ ಜಾಗದಲ್ಲಿದ್ದಾಳೆ. ಸಂಸ್ಕೃತದ ಪಂಡಿತರಿಗೆ ಆ ಹೆಸರು ಬರೆಯಲು ನಾಚಿಕೆಯಾಗಲಿಲ್ಲ. ನನಗೆ ಐದನೇ ಕ್ಲಾಸಿನಲ್ಲಿ ಆಯಿತು.

ಓಬಮ್ಮನ ಹೆಸರು ಬಂದಿದ್ದಕ್ಕೆ ಒಂದು ಮಾತು. ಚಿತ್ರದುರ್ಗದಲ್ಲಿ ಓಬವ್ವ ಅನ್ನುವ ಹೆಸರಿಗೆ ಸಿಕ್ಕ ಭಾಗ್ಯ ಬೇರೆ ಯಾವ ಹಳೇ ಹೆಸರಿಗೂ ಸಿಗಲಿಲ್ಲ. ಕಹಳೆ ಮುದ್ದಹನುಮನ ಹೆಂಡತಿ, ಕೈಯಲ್ಲಿ ಒನಕೆ, ಕೋಟೆಯಲ್ಲಿ ಕಿಂಡಿ, ಊರಲ್ಲಿ ಅವಳ ಹೆಸರಿನ ಸ್ಟೇಡಿಯಂ, 2021ರಿಂದ ನವೆಂಬರ್ 11ಕ್ಕೆ ಸರ್ಕಾರಿ ಜಯಂತಿ. ಆದರೂ ಮಗಳಿಗೆ ಓಬವ್ವ ಅಂತ ಇಟ್ಟವರು ಇತ್ತೀಚೆಗೆ ನನಗಂತೂ ಸಿಕ್ಕಿಲ್ಲ. ಶಾಲೆಯ ವೇಷಭೂಷಣ ಸ್ಪರ್ಧೆಗೆ ಓಬವ್ವ, ಹಾಜರಿ ಪುಸ್ತಕಕ್ಕೆ ಆದ್ಯ. ನಾನೇನು ದೊಡ್ಡ ಮಾತಾಡಬೇಕಿಲ್ಲ. ನನ್ನ ಮಗಳ ಹೆಸರೂ ಎರಡೇ ಅಕ್ಷರದ, ಗೂಗಲ್‌ನಲ್ಲಿ ಹುಡುಕಿ ಇಟ್ಟ ಹೆಸರೇ.

ಇನ್ನು ತಿಪ್ಪೆಯ ಬಗ್ಗೆ. ನಾವು ಪೇಟೆಯವರು ತಿಪ್ಪೆ ಅಂದ ಕೂಡಲೇ ಮೂಗು ಮುಚ್ಚಿಕೊಳ್ಳುತ್ತೇವೆ. ನಮ್ಮ ತಿಪ್ಪೆಯಲ್ಲಿ ಪ್ಲಾಸ್ಟಿಕ್ ಕವರು, ಡೈಪರು, ಒಡೆದ ಬಾಟಲಿ. ಅಜ್ಜಿಯ ಹಿತ್ತಲಿನ ತಿಪ್ಪೆ ಅಂಥದ್ದಲ್ಲ. ಸಗಣಿ, ಗಂಜಲ ನೆನೆದ ಹುಲ್ಲು, ಒಲೆಯ ಬೂದಿ, ದನ ತಿಂದು ಬಿಟ್ಟ ಸೊಪ್ಪೆ, ಕಡಲೆಕಾಯಿ ಹೊಟ್ಟು. ಬೆಳಗ್ಗೆ ಅದರ ಮೇಲೆ ಹೊಗೆಯಾಡುತ್ತಿರುತ್ತದೆ, ಕೈ ಇಟ್ಟರೆ ಬೆಚ್ಚಗೆ. ಮಳೆಗಾಲದಲ್ಲಿ ಅಣಬೆ ಏಳುತ್ತವೆ, ಯಾರೂ ಹಾಕದ ಕುಂಬಳದ ಬಳ್ಳಿ ಹಬ್ಬುತ್ತದೆ. ಮುಂಗಾರಿಗೆ ಮೊದಲು ಅದನ್ನೆಲ್ಲ ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಾರೆ. ಎಷ್ಟು ಗಾಡಿ ಗೊಬ್ಬರ ಅನ್ನುವುದೇ ಮನೆಯ ಲೆಕ್ಕ. ಅಜ್ಜಿಯನ್ನು ಮದುವೆ ಮಾಡಿ ಕೊಡುವ ಮೊದಲು ಅವರಪ್ಪ ಅಳಿಯನ ಮುಖಕ್ಕಿಂತ ಮೊದಲು ಹಿತ್ತಲಿಗೆ ಹೋಗಿ ತಿಪ್ಪೆ ನೋಡಿ ಬಂದರಂತೆ. ದೊಡ್ಡ ತಿಪ್ಪೆ ಇದ್ದರೆ ದನ ಜಾಸ್ತಿ, ದನ ಇದ್ದರೆ ಹಾಲಿದೆ, ಕೂಸು ಬದುಕುತ್ತದೆ.

ಈ ಸೀಮೆಗೆ ತಿಪ್ಪೆ ಹೊಸದೂ ಅಲ್ಲ. ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿ ದೊಡ್ಡ ಬೂದಿದಿಬ್ಬ ಇದೆ. ಹೊಸ ಶಿಲಾಯುಗದ ದನಗಾಹಿಗಳು ಸಗಣಿ ಗುಡ್ಡೆ ಹಾಕಿ, ಸುಟ್ಟು, ಮತ್ತೆ ಹಾಕಿ, ಮತ್ತೆ ಸುಟ್ಟು ಆದದ್ದು. ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ಹಂಪಿ ಹತ್ತಿರದ ನಿಂಬಾಪುರದಲ್ಲಿ ಅಂಥದ್ದೇ ಒಂದು ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ಸಗಣಿಯ ಗುಡ್ಡೆ ರಾಮಾಯಣಕ್ಕೆ ಸೇರಿಹೋಗಿದೆ. ಹೆಸರಿಗೆ ಅಷ್ಟು ಅದೃಷ್ಟ ಇರಲಿಲ್ಲ.

'ತಿಪ್ಪೆ ಹೋಗಿ ಉಪ್ಪರಿಗೆ ಆಗುತ್ತೆ, ಉಪ್ಪರಿಗೆ ಹೋಗಿ ತಿಪ್ಪೆ ಆಗುತ್ತೆ' ಅಂತ ಗಾದೆ. ನಮ್ಮೂರಲ್ಲಿ ಮೊದಲರ್ಧ ಮಾತ್ರ ಆಗಿದೆ. ಹಿತ್ತಲಿನ ತಿಪ್ಪೆ ಇದ್ದ ಜಾಗದಲ್ಲಿ ಚಿಕ್ಕಪ್ಪ ಆರ್‌ಸಿಸಿ ಮನೆ ಕಟ್ಟಿದ್ದಾರೆ. ದನ ಮಾರಿ ಟ್ರ್ಯಾಕ್ಟರು ಬಂತು, ಗೊಬ್ಬರ ಚೀಲದಲ್ಲಿ ಬರುತ್ತದೆ. 2020ರ ಹೊತ್ತಿಗೆ ದೇಶದಲ್ಲಿ ಆ 129 ಅನ್ನುವುದು 28ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆ ಹೆರಿಗೆ, ಆಶಾ ಕಾರ್ಯಕರ್ತೆಯರು. ತೌಡು ಕೊಟ್ಟು ಮಗು ಕೊಳ್ಳುವ ಅಗತ್ಯ ಯಾವ ತಾಯಿಗೂ ಬೇಡ. ತಿಪ್ಪಮ್ಮ ಅನ್ನುವ ಹೆಸರು ಮರೆಯಾಗಿದ್ದಕ್ಕೆ ನಾಚಿಕೆ ಒಂದು ಕಾರಣ ಆದರೆ ಇದು ಇನ್ನೊಂದು. ಈ ಎರಡನೇ ಕಾರಣಕ್ಕೆ ನಾನು ಯಾಕೆ ಬೇಜಾರು ಮಾಡಿಕೊಳ್ಳಲಿ?

ಕೊನೆಗೆ ನೋಟರಿ ಹತ್ತಿರ ಹೋಗಿ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿದೆವು. 'ತಿಪ್ಪಮ್ಮ ಉರುಫ್ ತಿಮ್ಮಮ್ಮ ಉರುಫ್ ತಿಪ್ಪೇಮ್ಮ ಆದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ, ಈ ಮೂರೂ ಹೆಸರು ನನ್ನವೇ.' ಓದಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, 'ತಿಪ್ಪಮ್ಮ ಮೊದ್ಲು ಬರ್ದವ್ರೆ ತಾನೆ?' ಅಂತ ಖಾತ್ರಿ ಮಾಡಿಕೊಂಡೇ ಹೆಬ್ಬೆಟ್ಟು ಒತ್ತಿದರು. ಪಹಣಿ ತಿದ್ದುಪಡಿಗೆ ಅರ್ಜಿ ಕೊಟ್ಟಿದ್ದೇವೆ. ಇನ್ನೂ ಆಗಿಲ್ಲ.

ಆ ವರ್ಷದ ದೀಪಾವಳಿಗೆ ಅಜ್ಜಿ ದಾವಣಗೆರೆಯ ನಮ್ಮ ಮನೆಯಲ್ಲೇ ಇದ್ದರು. ಸಂಜೆ ಹೊಸ್ತಿಲಿಗೆ, ತುಳಸಿಗೆ, ಮೆಟ್ಟಿಲಿಗೆ ದೀಪ ಇಟ್ಟೆವು. ಅಜ್ಜಿ ಕೈಯಲ್ಲಿ ಒಂದು ಹಣತೆ ಹಿಡಿದುಕೊಂಡು ಮನೆ ಸುತ್ತ ಎರಡು ಸುತ್ತು ಹಾಕಿದರು. ಊರಲ್ಲಿ ಅವತ್ತು ತಿಪ್ಪೆಗೆ ದೀಪ ಇಡುವುದು ಪದ್ಧತಿ, ಮೇಲೆ ಒಂದು ಚೆಂಡುಹೂ ಸಿಕ್ಕಿಸಿ. ಇಲ್ಲಿ ಕಾಂಪೌಂಡಿನ ಒಳಗೆ ಇರುವುದು ಸ್ಕೂಟರು, ನೀರಿನ ಸಂಪು, ಟೈಲ್ಸು.

'ತಿಪ್ಪೆ ಎಲ್ಲೈತೆ ನಿಮ್ದು?' ಅಂದರು.

ಇಲ್ಲ ಅಜ್ಜಿ ಅಂದೆ. ಆಮೇಲೆ ನಾನು ಒಳಗೆ ಹೋಗಿ ಒಬ್ಬಟ್ಟು ಬೇಯಿಸುತ್ತಾ ಮರೆತೆ. ರಾತ್ರಿ ಗೇಟು ಹಾಕಲು ಬಂದಾಗ ನೋಡಿದೆ. ಗೇಟಿನ ಪಕ್ಕ ಹಸಿ ಕಸದ ಹಸಿರು ಬಕೆಟ್ಟಿನ ಮುಂದೆ ಹಣತೆ ಉರಿಯುತ್ತಿತ್ತು. ಬಕೆಟ್ಟಿನ ಹಿಡಿಗೆ ಒಂದು ಚೆಂಡುಹೂ. ಒಣ ಕಸದ ನೀಲಿ ಬಕೆಟ್ಟಿಗೆ ಏನೂ ಇಲ್ಲ, ಅದು ಗೊಬ್ಬರ ಆಗುವುದಿಲ್ಲವಲ್ಲ. ಬೆಳಗ್ಗೆ ಕಸದ ಗಾಡಿ ಬಂದು ಹೋದ ಮೇಲೆ ಬಕೆಟ್ಟು ಖಾಲಿಯಾಗಿತ್ತು. ಹೂವು ಹಿಡಿಯಲ್ಲೇ ಇತ್ತು. ಹಣತೆಯನ್ನು ಯಾರೋ ಕಾಲಿಗೆ ಸಿಗದ ಹಾಗೆ ಗೋಡೆ ಬದಿಗೆ ಎತ್ತಿ ಇಟ್ಟಿದ್ದರು.